ಅಮರಗುಂಡಪ್ಪನ ಹೆಸರಲ್ಲಿದ್ದ ಸಕ್ಕರೆ

ಹಟ್ಟಿಯ ಗಣಿ ಆಸ್ಪತ್ರೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ಕಂಪೌಂಡರ್ ಆಗಿದ್ದೆ. ಹೆಸರು ಹಸನ್‌ಸಾಬ್. ಯಾರ ಹೊಟ್ಟೆಯಲ್ಲಿ ಹುಳವಿದೆ, ಯಾರ ಮೂಲವ್ಯಾಧಿ ಯಾವ ಕಾಲಕ್ಕೆ ಕೆರಳುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಆ ಜಂಬದಲ್ಲೇ ಬದುಕಿದವನು ನಾನು. ಅದನ್ನು ಇಳಿಸಿದವನು ಅಮರಗುಂಡಪ್ಪ. ಅವನ ಬಗ್ಗೆ ಬರೆಯಬೇಕೆಂದು ಎರಡು ಮೂರು ಸಲ ಕೂತು ಎದ್ದಿದ್ದೇನೆ. ಬರೆದರೆ ಅವನ ತಪ್ಪಿನ ಜೊತೆಗೆ ನನ್ನದನ್ನೂ, ನನ್ನ ಹೆಂಡತಿಯದನ್ನೂ ಬರೆಯಬೇಕು. ಈಗ ವಯಸ್ಸಾಯಿತು, ಇನ್ನು ಯಾರ ಮರ್ಯಾದೆ ಕಾಯುವುದಿದೆ? ಬರೆಯುತ್ತೇನೆ.

ಅಮರಗುಂಡಪ್ಪ ಗುರುಗುಂಟದವನು. ಗಣಿಯೊಳಗೆ ಬಂಡೆ ಕೊರೆಯುವ ಯಂತ್ರ ಹಿಡಿಯುವುದು ಅವನ ಕೆಲಸ. ನಮ್ಮ ಲೈನ್ ಮನೆಗಳ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು, ಅಷ್ಟು ಎತ್ತರದ ಆಳು. ಸ್ವಭಾವ ಮಾತ್ರ ಪುಕ್ಕಲು. ಗಣಿಗೆ ಇಳಿಸುವ ಕಬ್ಬಿಣದ ಕೇಜಿನಲ್ಲಿ ನಿಂತು ಸಾವಿರಾರು ಅಡಿ ಇಳಿಯಲು ಹೆದರದವನು ಕಚೇರಿಯ ಗುಮಾಸ್ತನ ಮೇಜಿನ ಮುಂದೆ ನಿಂತರೆ ಗಡಗಡ ನಡುಗುತ್ತಿದ್ದ. ಹೆಂಡತಿ ಗುರುಲಿಂಗಮ್ಮ ಮಸ್ಕಿಯ ಹೆಣ್ಣುಮಗಳು. ಗಂಡ ಆಡದೆ ಉಳಿಸಿದ ಮಾತನ್ನೆಲ್ಲ ಆಕೆ ಆಡಿ ಮುಗಿಸುತ್ತಿದ್ದಳು. ಒಬ್ಬಳೇ ಮಗಳು ಪಾರ್ವತೆಮ್ಮ, ಮದುವೆಯಾಗಿ ಸಿಂಧನೂರಿನ ಕಡೆ ಗೊರೇಬಾಳಕ್ಕೆ ಹೋಗಿದ್ದಳು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಒಗ್ಗರಣೆ ಅವರಲ್ಲಿ ಬಿದ್ದರೆ ಸೀನು ನಮ್ಮಲ್ಲಿ. ನನ್ನ ಹೆಂಡತಿ ಮೆಹರಬಾನು ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

ಮುಂದಿನದು ತಿಳಿಯಬೇಕಾದರೆ ಗಣಿಯ ಬೆವರಿನ ಬಗ್ಗೆ ಒಂದು ಮಾತು ಹೇಳಬೇಕು. ಆಳದಲ್ಲಿ ಬಂಡೆಯೇ ಬಿಸಿ, ಗಾಳಿಯೂ ಒದ್ದೆ. ಮನುಷ್ಯನ ಮೈ ಹೊರಗೆ ಬೆಂಕಿ ಇರಲಿ, ಚಳಿ ಇರಲಿ, ಒಳಗಿನ ಕಾವನ್ನು ಒಂದೇ ಹದದಲ್ಲಿ ಇಟ್ಟುಕೊಳ್ಳಲು ಹೆಣಗುತ್ತದೆ. ಹೆಚ್ಚಾದ ಕಾವನ್ನು ಬೆವರಿನಲ್ಲಿ ಹೊರಗೆ ಹಾಕುತ್ತದೆ, ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಉಪ್ಪು ಹೋದರೆ ಮೀನಖಂಡ ಹಿಡಿದುಕೊಂಡು, ಕಣ್ಣಿಗೆ ಕತ್ತಲೆ ಬಂದು ಗಟ್ಟಿ ಆಳೂ ಕುಸಿಯುತ್ತಾನೆ. ಅದಕ್ಕೇ ನಮ್ಮ ಲೈನಿನಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿದ್ದ ವಿದ್ಯೆ ಒಂದೇ: ಬೆವರಿ ಬಿದ್ದವರಿಗೆ ಉಪ್ಪಿನ ನೀರು. ಆ ವಿದ್ಯೆಯನ್ನು ಮನೆಮನೆಗೆ ಹೋಗಿ ಹೆಂಗಸರಿಗೆ ಕಲಿಸಿದವನು ನಾನೇ.

ಒಳಗೆ ಇಳಿಯುವವರಿಗೆ ವರ್ಷಕ್ಕೊಮ್ಮೆ ತಪಾಸಣೆ ಇರುತ್ತಿತ್ತು. ಮೂತ್ರಕ್ಕೆ ಜನ ಮರ್ಯಾದೆಯಿಂದ ನೀರು ಎನ್ನುತ್ತಿದ್ದರು. ಬೆಳಗಿನ ನೀರನ್ನು ಬಾಟಲಿಯಲ್ಲಿ ತಂದು ನನ್ನ ಕಿಟಕಿಯಲ್ಲಿ ಕೊಡಬೇಕು. ನೀರಿನಲ್ಲಿ ಏನಾದರೂ ಸಿಕ್ಕರೆ ಕಂಪನಿಯವರು ಕೆಲಸದಿಂದ ತೆಗೆಯುತ್ತಾರೆ ಎಂದು ಯಾರೋ ಗಾಳಿಮಾತು ಹಬ್ಬಿಸಿದ್ದರು. ಒಬ್ಬನನ್ನೂ ಹಾಗೆ ತೆಗೆದದ್ದು ನಾನು ಕಂಡಿಲ್ಲ. ಆದರೂ ಹಿಂದಿನ ದಿನ ಸೆರೆ ಕುಡಿದವರು ಹೆಂಡತಿಯ ನೀರನ್ನು ಬಾಟಲಿಗೆ ತುಂಬಿಸಿಕೊಂಡು ಬರುತ್ತಿದ್ದರಂತೆ. ಬಸಿರಿನ ಪರೀಕ್ಷೆಯನ್ನೂ ಮಾಡಿದ್ದರೆ ಮೊದಲ ಶಿಫ್ಟಿನ ಕೆಲವು ಮೀಸೆಯ ಗಂಡಸರಿಗೆ ಸೀಮಂತ ಮಾಡಬೇಕಾಗುತ್ತಿತ್ತು. ನನಗೆ ಇದು ಗೊತ್ತಾದಾಗ ನಗುವ ಕಾಲ ಮುಗಿದಿತ್ತು.

ಎಂಬತ್ತಾರರಲ್ಲಿ ತಪಾಸಣೆಯ ಹಿಂದಿನ ದಿನ ಅಮರಗುಂಡಪ್ಪ ಲಿಂಗಸುಗೂರಿನಲ್ಲಿ ಗೆಳೆಯನ ಮನೆಯ ಕಾರ್ಯಕ್ಕೆ ಹೋಗಿ, ಎಂದೂ ಕುಡಿಯದವನು ಅಂದು ಕುಡಿದ. ಬೆಳಗ್ಗೆ ಖಾಲಿ ಬಾಟಲಿಯನ್ನು ಹೆಂಡತಿಯ ಮುಂದೆ ಹಿಡಿದ.

“ಇದರಾಗ ನಿನ್ನ ನೀರು ಹಿಡಿದು ಕೊಡು.”

“ಅಯ್ಯ, ತಲಿ ಕೆಟ್ಟೈತೇನ್ರೀ? ನಿಮ್ಮ ತಪಾಸಣಿಗೆ ನನ್ನ ನೀರ್ಯಾಕ?”

“ನೀ ಒಂದಿನಾನೂ ಸೆರಿ ಮುಟ್ಟಿದಾಕಿ ಅಲ್ಲ. ನಿಂದು ಚೊಕ್ಕ ಇರ್ತೈತಿ. ಯಾರ ಮುಂದೂ ಅನಬ್ಯಾಡ.”

ಆಕೆ ನಕ್ಕು ನಕ್ಕು ಬಾಟಲಿ ತುಂಬಿಸಿ ಕೊಟ್ಟಳಂತೆ. ಇದನ್ನೆಲ್ಲ ಅವನೇ ಆಮೇಲೆ ನನಗೆ ಹೇಳಿದ್ದು. ಆ ಬಾಟಲಿ ನನ್ನ ಕೈಗೆ ಬಂತು. ನೀಲಿ ದ್ರಾವಣಕ್ಕೆ ಎಂಟು ಹನಿ ಹಾಕಿ ಕಾಯಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ, ಇದ್ದರೆ ಹಸಿರಾಗಿ ಹಳದಿಯಾಗುತ್ತದೆ, ಬಹಳವಿದ್ದರೆ ಇಟ್ಟಂಗಿಯ ಕೆಂಪು ಬಣ್ಣಕ್ಕೆ ಬರುತ್ತದೆ. ಇದು ಇಟ್ಟಂಗಿಗೇ ಬಂತು. ಡಾಕ್ಟರ್ ಅವನನ್ನು ಕರೆದು, ನಿನಗೆ ಸಕ್ಕರೆ ಕಾಯಿಲೆ ಇದೆ, ಗಾಬರಿಯಾಗಬೇಡ, ಗುಳಿಗೆ ತಗೊಂಡು ಕೆಲಸ ಮಾಡಬಹುದು ಎಂದರು.

ಆ ಕಾಯಿಲೆ ತನ್ನದಲ್ಲ, ಹೆಂಡತಿಯದು ಎಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಮರುದಿನ ಆಕೆಯನ್ನು ಕೈಹಿಡಿದು ಕರೆದುಕೊಂಡು ಬಂದಿದ್ದರೆ ಮುಗಿದೇ ಹೋಗಿತ್ತು. ಹೆಂಡತಿ ಮಕ್ಕಳಿಗೂ ಅಲ್ಲಿ ಔಷಧ ಪುಕ್ಕಟೆ. ಆದರೆ ಪುಕ್ಕಲನ ತಲೆ ಓಡುವ ದಾರಿಯೇ ಬೇರೆ. ಆಕೆಯ ನೀರಿನಲ್ಲಿ ಸಕ್ಕರೆ ಸಿಕ್ಕರೆ ನನ್ನದನ್ನು ಮತ್ತೆ ನೋಡುತ್ತಾರೆ, ನನ್ನದರಲ್ಲಿ ಇರುವುದಿಲ್ಲ, ಬಾಟಲಿಯ ಕಳ್ಳತನ ಬಯಲಾಗುತ್ತದೆ, ಕೆಲಸ ಹೋಗುತ್ತದೆ ಎಂದು ಅವನು ಮನಸ್ಸಿನಲ್ಲೇ ಪಂಚಾಯ್ತಿ ಮಾಡಿ ತೀರ್ಪನ್ನೂ ಕೊಟ್ಟುಕೊಂಡ. ರಕ್ತ ಪರೀಕ್ಷೆಗೆ ಡಾಕ್ಟರ್ ಚೀಟಿ ಕೊಟ್ಟಾಗ ಲಿಂಗಸುಗೂರಿಗೆ ಹೆಂಡತಿಯನ್ನು ಕರೆದೊಯ್ದು, ಆಕೆಯ ರಕ್ತ ಕೊಡಿಸಿ, ತನ್ನ ಹೆಸರು ಬರೆಸಿಕೊಂಡು ಬಂದ.

ಆಕೆಗೂ ನಿಜ ಹೇಳಲಿಲ್ಲ. ಆಕೆಯ ತಾಯಿ ಮಸ್ಕಿಯಲ್ಲಿ ಇದೇ ಕಾಯಿಲೆಯಿಂದ ಕಾಲು ಕೊಳೆತು ಸತ್ತಿದ್ದಳು. ಸಕ್ಕರೆ ಎಂದರೆ ಆಕೆ ಅರ್ಧ ಜೀವ ಆಗುತ್ತಾಳೆ ಎಂಬ ಅಂಜಿಕೆ ಒಂದು, ಆಕೆಯ ಬಾಯಿಯ ಅಂಜಿಕೆ ಇನ್ನೊಂದು. ಹಾಗಾಗಿ ಸುಳ್ಳಿನ ಮೇಲೆ ಸುಳ್ಳು ಪೇರಿಸಿದ. ಡಾಕ್ಟರ್ ನಿನ್ನ ಬಾಟಲಿ ಒಪ್ಪಲಿಲ್ಲ, ತಮ್ಮ ಎದುರೇ ನನ್ನ ನೀರು ಹಿಡಿಸಿಕೊಂಡರು, ನನಗೆ ಸಕ್ಕರೆ ಬಂದಿದೆ, ನನ್ನ ಗುಳಿಗೆ ಕೆಲಸದಲ್ಲೇ ನುಂಗುತ್ತೇನೆ ಎಂದ. ನನ್ನ ಕಿಟಕಿಯಿಂದ ತನ್ನ ಹೆಸರಿನಲ್ಲಿ ಒಯ್ದ ಗುಳಿಗೆಯನ್ನು ಆಕೆಯ ಕೈಗೆ ಹಾಕಿ, ಇದು ತಾಕತ್ತಿನ ಗುಳಿಗೆ, ಕಂಪನಿಯವರು ಕೆಲವರ ಹೆಂಡಂದಿರಿಗೆ ಮಾತ್ರ ಕೊಡುತ್ತಾರೆ, ಅದಕ್ಕೇ ನಿನ್ನ ರಕ್ತ ಕೊಡಿಸಿದ್ದು, ತಿಂಗಳಿಗೊಮ್ಮೆ ನಿನ್ನ ನೀರು ನೋಡುತ್ತಾರೆ, ಹೊರಗೆ ಹೇಳಿದರೆ ಜಗಳವಾಗುತ್ತದೆ ಎಂದ. ಅಷ್ಟು ಮಾತಿನ ಹೆಂಗಸು ಗಂಡನಿಗಾಗಿ ಅದೊಂದನ್ನು ಮಾತ್ರ ಹೊಟ್ಟೆಯಲ್ಲಿ ಇಟ್ಟುಕೊಂಡಳು.

ನಾನು ಪ್ರತಿ ತಿಂಗಳು ಅವನಿಗೆ ಹೇಳುತ್ತಿದ್ದೆ: ಗುಳಿಗೆ ನುಂಗಿದ ಅರ್ಧ ತಾಸಿನೊಳಗೆ ಉಣ್ಣಬೇಕು, ಮೈ ನಡುಗಿ ತಣ್ಣನೆ ಬೆವರು ಬಂದರೆ ಸಕ್ಕರೆ ಇಳಿದಿದೆ ಎಂದರ್ಥ, ಕೂಡಲೇ ಒಂದು ಹಿಡಿ ಸಕ್ಕರೆ ಬಾಯಿಗೆ ಹಾಕಬೇಕು. ಅವನು ತಲೆಯಾಡಿಸುತ್ತಿದ್ದ. ಮೊದಲ ಮಾತನ್ನು ಹೆಂಡತಿಗೆ ಮುಟ್ಟಿಸಿದ. ಎರಡನೆಯದನ್ನು ಯಾವ ಬಾಯಿಂದ ಮುಟ್ಟಿಸಿಯಾನು? ತಾಕತ್ತಿನ ಗುಳಿಗೆಗೂ ಸಕ್ಕರೆಗೂ ಏನು ಸಂಬಂಧ ಎಂದು ಆಕೆ ಕೇಳುತ್ತಿದ್ದಳಲ್ಲ.

ಹೀಗೆ ಎರಡು ವರ್ಷ ನಡೆಯಿತು, ಚೆನ್ನಾಗಿಯೇ ನಡೆಯಿತು ಎಂಬುದು ನನ್ನ ಹೊಟ್ಟೆ ಉರಿಸುತ್ತದೆ. ಅವನು ತರುತ್ತಿದ್ದ ನೀರು ಆಕೆಯದು, ಅದನ್ನು ನೋಡಿ ಕೊಡುತ್ತಿದ್ದ ಗುಳಿಗೆಯೂ ಆಕೆಯ ಹೊಟ್ಟೆಗೆ. ಮುಖವನ್ನೇ ನೋಡದೆ ನಾವು ಆಕೆಯ ಸಕ್ಕರೆಯನ್ನು ಹತೋಟಿಗೆ ತಂದಿದ್ದೆವು. ಆಕೆ ಪಾಪ, ಗಂಡನಿಗೆ ಕಾಯಿಲೆ ಎಂದು ಮನೆಯಿಂದ ಸಿಹಿಯನ್ನೇ ಓಡಿಸಿದಳು. ಸಕ್ಕರೆಯ ಡಬ್ಬಿ ತೊಳೆದು ಅದರಲ್ಲಿ ಉಪ್ಪು ತುಂಬಿದಳು. ರೇಷನ್ ಸಕ್ಕರೆಯನ್ನು ತಿಂಗಳು ತಿಂಗಳು ತಂದು ನಮ್ಮ ಮನೆಗೆ ಸುರಿಯುತ್ತಿದ್ದಳು.

“ಒಂಚೂರರ ಇಟ್ಕೊ ಅಕ್ಕ, ಚಾಕ್ಕ ಬೇಕಾಗ್ತೈತಿ,” ಎಂದು ಮೆಹರಬಾನು ಅಂದರೆ, “ಅವರು ತಿನ್ನಲಾರದ್ದು ನನಗ್ಯಾಕ ಬೇ?” ಎನ್ನುತ್ತಿದ್ದಳು.

ಎಂಬತ್ತೆಂಟರ ಏಪ್ರಿಲ್. ಗುರುಲಿಂಗಮ್ಮ ತಮ್ಮನ ಕೂಸಿನ ತೊಟ್ಟಿಲಿಗೆಂದು ಮಸ್ಕಿಗೆ ಹೋಗಿ ಎಂಟು ದಿನ ಇದ್ದು ಬಂದಳು. ತವರಿನ ಹೋಳಿಗೆ, ಸಜ್ಜಕ, ಅಲ್ಲಿ ಗಂಡ ಎದುರಿಗಿರಲಿಲ್ಲವಲ್ಲ, ಹೊಟ್ಟೆತುಂಬ ತಿಂದಿರಬೇಕು. ಅವಳು ಬಂದ ಮೇಲೆ ಅಮರಗುಂಡಪ್ಪ ತಂದ ನೀರು ಮತ್ತೆ ಇಟ್ಟಂಗಿಯ ಬಣ್ಣಕ್ಕೆ ಬಂತು. ಡಾಕ್ಟರ್ ಒಂದು ಗುಳಿಗೆಯನ್ನು ಎರಡು ಮಾಡಿದರು.

ಇಲ್ಲಿ ನನ್ನ ತಪ್ಪು. ಅಂದು ಊಟಕ್ಕೆ ಕೂತಾಗ, ಅಮರಗುಂಡಪ್ಪನ ಸಕ್ಕರೆ ಏರಿದೆ, ಗುಳಿಗೆ ಎರಡು ಮಾಡಿದ್ದಾರೆ ಎಂದು ಮೆಹರಬಾನುವಿನ ಮುಂದೆ ಬಾಯಿಬಿಟ್ಟೆ. ರೋಗಿಯ ಸಂಗತಿಯನ್ನು ಮನೆಗೆ ತರಬಾರದು ಎಂದು ಬೇರೆಯವರಿಗೆ ಉಪದೇಶ ಮಾಡುವವನು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಮೆಹರಬಾನು ಅದನ್ನು ಗುರುಲಿಂಗಮ್ಮನಿಗೆ ಹೇಳಿದಳು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳಂತೆ. ತಾಯಿಯ ಕಾಲು ನೆನಪಾಗಿರಬೇಕು. ಗಂಡನ ಸಕ್ಕರೆ ಇಳಿಯಲಿ ಎಂದು ಅಮರೇಶ್ವರನಿಗೆ ಬೇಡಿಕೊಂಡು ಸೋಮವಾರ ಹಿಡಿದಳು. ಬೆಳಗಿನಿಂದ ಏನೂ ತಿನ್ನದೆ, ಸಂಜೆ ಲಿಂಗಪೂಜೆ ಮಾಡಿ ಒಂದು ಹೊತ್ತು ಉಣ್ಣುವುದು. ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಬಿಡುತ್ತಿರಲಿಲ್ಲ.

ಆ ಮೊದಲ ಸೋಮವಾರ ಅವನು ಶಿಫ್ಟಿಗೆ ಹೊರಡುವಾಗ ಎರಡು ಗುಳಿಗೆ ಆಕೆಯ ಅಂಗೈಗೆ ಹಾಕಿದ.

“ಇವತ್ತಿಂದ ಎರಡು ನುಂಗು. ನಿನಗ ತಾಕತ್ತು ಸಾಲದು ಅಂದಾರ. ನುಂಗಿ ರೊಟ್ಟಿ ತಿನ್ನು, ಮರೀಬ್ಯಾಡ.”

“ಹೂಂ ರೀ,” ಎಂದಳು. ಗಂಡನ ಮಾತು ಮೀರಬಾರದೆಂದು ಎರಡನ್ನೂ ನುಂಗಿದಳು. ವ್ರತ ಕೆಡಬಾರದೆಂದು ರೊಟ್ಟಿ ಬಿಟ್ಟಳು.

ಅದು ರಮ್‌ಜಾನ್ ತಿಂಗಳು, ಮೆಹರಬಾನುವಿಗೂ ಉಪವಾಸ. ಬೆಳಗ್ಗೆ ನಲ್ಲಿಯ ಹತ್ತಿರ ಗುರುಲಿಂಗಮ್ಮ, “ಅವರ ಸಕ್ಕರಿ ಇಳೀಲಂತ ಸೋಮಾರ ಹಿಡದೀನಿ. ನಿನ್ನ ರೋಜಾ ಗಟ್ಟಿನೋ ನನ್ನ ಸೋಮಾರ ಗಟ್ಟಿನೋ ನೋಡೂಣು,” ಎಂದು ನಕ್ಕಿದ್ದಳು. ಇಬ್ಬರ ಹೊಟ್ಟೆಯೂ ಖಾಲಿ, ಇಬ್ಬರ ತಲೆಯ ಮೇಲೂ ಅದೇ ಬಿಸಿಲು. ಆದರೆ ಮೈ ಒಳಗಿನ ವ್ಯವಹಾರ ಬೇರೆ. ಉಂಡದ್ದರಲ್ಲಿ ಒಂದಷ್ಟು ಸಕ್ಕರೆಯನ್ನು ಪಿತ್ತಕೋಶದ ಪಕ್ಕದ ಯಕೃತ್ತು ಆಪತ್ತಿಗೆಂದು ಕೂಡಿಟ್ಟಿರುತ್ತದೆ. ಹೊಟ್ಟೆ ಖಾಲಿಯಾದಾಗ ಅದನ್ನೇ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ನನ್ನ ಹೆಂಡತಿಯ ಮೈ ಆ ಕೆಲಸ ಮಾಡಿಕೊಂಡು ಹೋಯಿತು. ಗುರುಲಿಂಗಮ್ಮನ ಮೈಯಲ್ಲಿ ಎರಡು ಗುಳಿಗೆ ಕೂತು ಆ ಬಾಗಿಲು ಮುಚ್ಚಿಸಿ, ಇದ್ದ ಸಕ್ಕರೆಯನ್ನೂ ರಕ್ತದಿಂದ ಖಾಲಿ ಮಾಡಿಸುತ್ತಿದ್ದವು. ಸಕ್ಕರೆ ತೀರಾ ಇಳಿದಾಗ ಮೈ ಗಾಬರಿಯಾಗಿ ನಡುಗುತ್ತದೆ, ಬೆವರುತ್ತದೆ. ಅದು ಸೆಕೆಯ ಬೆವರಲ್ಲ, ಹಸಿವಿನ ಕೂಗು.

ಮಧ್ಯಾಹ್ನ ಆಕೆ ಬಾಗಿಲಲ್ಲಿ ತೂರಾಡುತ್ತ ನಿಂತಿದ್ದನ್ನು ಮೆಹರಬಾನು ನೋಡಿದಳು. ಕುಪ್ಪಸ ತೊಯ್ದು ಬೆನ್ನಿಗೆ ಅಂಟಿತ್ತು. ಮೆಹರಬಾನುವನ್ನು ನೋಡಿ, “ಅವ್ವಾ, ಯಾವಾಗ ಬಂದಿ?” ಎಂದಳಂತೆ. ಬಿಸಿಲು ಬಡಿದಿದೆ ಎಂದುಕೊಂಡು ಓಣಿಯ ಹೆಂಗಸರು ಮಲಗಿಸಿದರು, ಒದ್ದೆ ಬಟ್ಟೆ ಹಾಕಿದರು. ಆಮೇಲೆ ನಾನು ಕಲಿಸಿದ ವಿದ್ಯೆ: ಆ ಮನೆಯ ಡಬ್ಬಿಯಿಂದಲೇ ಉಪ್ಪು ತೆಗೆದು ನೀರಿಗೆ ಕದಡಿ, ಚಮಚೆಯಿಂದ ಬಾಯಿಗೆ ಬಿಟ್ಟರು. ಚಮಚೆ ಹಿಡಿದ ಕೈ ನನ್ನ ಹೆಂಡತಿಯದು. ತಾನು ಒಂದು ಹನಿ ನೀರು ನುಂಗದೆ ಎರಡು ತಾಸು ಕೂತು ಅಕ್ಕನಿಗೆ ಉಪ್ಪು ನೀರು ಕುಡಿಸಿದಳು.

ಮೂರೂವರೆಗೆ ನಾನು ಡ್ಯೂಟಿ ಮುಗಿಸಿ ಬಂದೆ. ಅಮರಗುಂಡಪ್ಪನೂ ಆಗಷ್ಟೇ ಬಂದು ಹೆಂಡತಿಯ ತಲೆಯ ಹತ್ತಿರ ಕೂತಿದ್ದ. ಬಾಗಿಲ ತುಂಬ ಜನ. ಅದೇ ಲೈನಿನ ಕಚೇರಿ ಗುಮಾಸ್ತನೂ ನಿಂತಿದ್ದ. ನಾನು ಹಣೆ ಮುಟ್ಟಿದೆ. ಏಪ್ರಿಲ್ಲಿನ ಆ ಧಗೆಯಲ್ಲಿ, ತಗಡಿನ ಛಾವಣಿಯ ಕೆಳಗೆ, ಆಕೆಯ ಹಣೆ ತಣ್ಣಗಿತ್ತು. ಬಿಸಿಲು ಬಡಿದ ಮೈ ಸುಡಬೇಕು.

“ಅಮರಗುಂಡಪ್ಪ, ಈಕಿ ಏನರ ಗುಳಿಗಿ ತಗೊಂಡಾಳೇನು?”

ಅವನು ನನ್ನನ್ನು ನೋಡಿದ. ಬಾಗಿಲ ಕಡೆ ನೋಡಿದ. ಗುಮಾಸ್ತ ಕತ್ತು ಮುಂದೆ ಚಾಚಿದ್ದ.

“ಇಲ್ರೀ.”

“ನಿನ್ನ ಸಕ್ಕರಿ ಗುಳಿಗಿ ತಪ್ಪಿ ನುಂಗ್ಯಾಳೇನು? ನೆನಸ್ಕೊಂಡು ಹೇಳಪಾ.”

“ಇಲ್ರಿ ಸಾಹೇಬ್ರ. ನನ್ನ ಗುಳಿಗಿ ನಾನ ನುಂಗೀನಿ.”

ನಾನು ನಂಬಿದೆ. ಎರಡು ವರ್ಷ ಅವನ ಕಾರ್ಡಿನ ಮೇಲೆ ನಾನೇ ಗುರುತು ಹಾಕಿದ್ದೆನಲ್ಲ. ಅನುಮಾನಕ್ಕಾದರೂ ಒಂದಿಷ್ಟು ಸಕ್ಕರೆಯನ್ನು ಆಕೆಯ ತುಟಿಯ ಒಳಗೆ ಸವರಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಗೋಡೆಯ ಆಚೆ ನಮ್ಮ ಮನೆಯಲ್ಲಿ ಸಂಜೆಯ ಶರಬತ್ತಿಗೆಂದು ಗುರುಲಿಂಗಮ್ಮನ ರೇಷನ್ ಸಕ್ಕರೆಯೇ ನೆನೆಯುತ್ತಿತ್ತು. ನನಗೆ ಹೊಳೆಯಲಿಲ್ಲ. ಆಸ್ಪತ್ರೆಯ ಜೀಪಿಗೆ ಹೇಳಿಕಳಿಸಿದೆ. ಅದು ಬೇರೆ ಕಡೆ ಹೋಗಿತ್ತು, ಬರಲು ಮುಕ್ಕಾಲು ತಾಸಾಯಿತು. ಅಷ್ಟು ಹೊತ್ತೂ ಅವನು ಹೆಂಡತಿಯ ಪಾದ ತಿಕ್ಕುತ್ತ ಸುಮ್ಮನೆ ಕೂತಿದ್ದ.

ಜೀಪಿನಲ್ಲಿ ನಾವು ಮೂವರೇ ಹಿಂದೆ ಇದ್ದೆವು. ಲೈನು ದಾಟಿದ ಕೂಡಲೇ ಅವನು ನನ್ನ ತೋಳು ಹಿಡಿದ.

“ಹಸನ್‌ಸಾಬ್ರ, ಆ ಗುಳಿಗಿ ಆಕೀವರೀ. ಎರಡು ವರ್ಸದಿಂದ ಆಕೀನ ನುಂಗಾಕತ್ತಾಳ. ಸಕ್ಕರಿ ಆಕಿಗೈತಿ. ನನಗಿಲ್ರೀ.”

ಅವನ ಕಪಾಳಕ್ಕೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಆಸ್ಪತ್ರೆ ಮುಟ್ಟಿದ ಕೂಡಲೇ ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಅವರು ಒಂದು ನಿಮಿಷವೂ ತಡೆಯದೆ ನರಕ್ಕೆ ಗ್ಲೂಕೋಸ್ ಹಾಕಿದರು. ಬೆವರು ನಿಂತಿತು, ಮೈ ನಿಧಾನಕ್ಕೆ ಬೆಚ್ಚಗಾಯಿತು. ಅಮರಗುಂಡಪ್ಪ ಆಕೆಯ ಕೈ ಹಿಡಿದು, “ಕಾವು ಬಂತ್ರೀ, ಕಾವು ಬಂತು,” ಎಂದು ಹುಚ್ಚನ ಹಾಗೆ ನಕ್ಕ. ಆದರೆ ಮಿದುಳಿಗೆ ಕೂಡಿಟ್ಟ ಗಂಟು ಇರುವುದಿಲ್ಲ. ರಕ್ತದಲ್ಲಿ ಬಂದ ಸಕ್ಕರೆಯೇ ಅದರ ಊಟ. ಮಧ್ಯಾಹ್ನದಿಂದ ಅದು ಉಪವಾಸ ಬಿದ್ದಿತ್ತು. ಆಕೆ ಕಣ್ಣು ತೆರೆಯಲಿಲ್ಲ. ಗುರುವಾರ ಬೆಳಗ್ಗೆ ತೀರಿಕೊಂಡಳು. ಮುಕ್ಕಾಲು ತಾಸು ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳೇ ಎಂದು ನಾನು ಡಾಕ್ಟರನ್ನು ಕೇಳಿದೆ. ಅವರು ಗ್ಲೂಕೋಸಿನ ಸೂಜಿ ಬಿಚ್ಚಿ ನನ್ನ ಕೈಗೆ ಕೊಟ್ಟರು.

ಮೆಹರಬಾನು ಆ ಸಲದ ಹಬ್ಬಕ್ಕೆ ಹೊಸ ಸೀರೆ ಉಡಲಿಲ್ಲ. ಇಂದಿಗೂ ಯಾರಿಗೂ ಚಮಚೆಯಿಂದ ಏನನ್ನೂ ಕುಡಿಸುವುದಿಲ್ಲ.

ಡಾಕ್ಟರ್ ತಮ್ಮ ಎದುರೇ ಅಮರಗುಂಡಪ್ಪನ ನೀರು ಹಿಡಿಸಿದರು. ನಾನೇ ಕಾಯಿಸಿದೆ. ನೀಲಿಯಾಗಿಯೇ ಉಳಿಯಿತು. ಕಾರ್ಡಿನ ಮೇಲೆ ಸಕ್ಕರೆ ಇಲ್ಲ ಎಂದು ಬರೆದು ಮುಚ್ಚಿದರು. ಡಾಕ್ಟರ್ ಬಾಟಲಿಯ ಸುದ್ದಿಯನ್ನು ಮೇಲಿನವರಿಗೆ ತಿಳಿಸಿದ್ದೂ ಉಂಟು. ಅಲ್ಲಿಂದ ಬಂದದ್ದು ಇನ್ನು ಮುಂದೆ ನೀರನ್ನು ಆಸ್ಪತ್ರೆಯಲ್ಲೇ ಹಿಡಿಸಿ ಎಂಬ ಎರಡು ಸಾಲು. ಅಮರಗುಂಡಪ್ಪನನ್ನು ಒಬ್ಬರೂ ಒಂದು ಮಾತು ಕೇಳಲಿಲ್ಲ. ಅವನು ತೊಂಬತ್ತೇಳರವರೆಗೆ ಅದೇ ಯಂತ್ರ ಹಿಡಿದು, ಹಾರ ಹಾಕಿಸಿಕೊಂಡು ನಿವೃತ್ತನಾದ. ಯಾವ ಕೆಲಸ ಹೋಗುತ್ತದೆಂದು ಅವನು ಅಂದು ಬಾಯಿ ಬಿಡಲಿಲ್ಲವೋ ಆ ಕೆಲಸಕ್ಕೆ ಒಂದು ದಿನವೂ ಕುತ್ತು ಬರಲಿಲ್ಲ.

ಆದರೆ ಓಣಿ ಬೇರೊಂದು ಶಿಕ್ಷೆ ಕೊಟ್ಟಿತು, ಅದೂ ಕೈಮುಗಿದು. ಹೆಂಗಸರಿಗೆ ಗೊತ್ತಿದ್ದದ್ದು ಇಷ್ಟೇ: ಗುರುಲಿಂಗಮ್ಮ ಗಂಡನ ಸಕ್ಕರೆ ಇಳಿಯಲೆಂದು ಸೋಮವಾರ ಹಿಡಿದಳು, ಉಪವಾಸದಲ್ಲೇ ಬಿದ್ದಳು, ಆಕೆ ಹೋದ ಮೇಲೆ ಗಂಡನಿಗೆ ಸಕ್ಕರೆ ಇಲ್ಲವೆಂದು ಡಾಕ್ಟರೇ ಬರೆದರು. ಮಹಾ ಪತಿವ್ರತೆ, ಗಂಡನ ಬ್ಯಾನಿ ತನ್ನ ಮೈಮೇಲೆ ತಗೊಂಡು ಹೋದಳು ಎಂದರು. ಮಗಳು ಪಾರ್ವತೆಮ್ಮನೂ ಅದನ್ನೇ ನಂಬಿದಳು. ನಾನೂ ಡಾಕ್ಟರೂ ಸುಮ್ಮನಿದ್ದೆವು. ಸುಮ್ಮನಿದ್ದದ್ದು ಸರಿಯೋ ತಪ್ಪೋ, ಇವತ್ತಿಗೂ ನನಗೆ ತಿಳಿದಿಲ್ಲ.

ತೊಂಬತ್ತೊಂಬತ್ತರಲ್ಲಿ ನಾನು ಸಿಂಧನೂರಿನಲ್ಲಿ ಅಳಿಯನ ಔಷಧದ ಅಂಗಡಿಯಲ್ಲಿ ಕೂರುತ್ತಿದ್ದೆ. ಒಂದು ದಿನ ಅಮರಗುಂಡಪ್ಪ ಮೊಮ್ಮಗಳ ಜ್ವರಕ್ಕೆ ಗುಳಿಗೆ ಕೇಳಿಕೊಂಡು ಬಂದ. ಗೊರೇಬಾಳದಲ್ಲಿ ಮಗಳ ಮನೆಯಲ್ಲಿದ್ದ. ಬೆನ್ನು ಬಾಗಿತ್ತು. ಕೂರಿಸಿ ಚಹಾ ತರಿಸಿದೆ, ಅವನು ಮುಟ್ಟಲಿಲ್ಲ.

“ಮಗಳು ದಿನಾ ಹುಡುಗರಿಗೆ ಅವರವ್ವನ ಕತಿ ಹೇಳ್ತಾಳ್ರೀ,” ಎಂದ. “ನಿಮ್ಮ ಅಜ್ಜಿ ಜೀವಾ ಕೊಟ್ಟು ಅಜ್ಜನ್ನ ಉಳಿಸ್ಯಾಳ ಅಂತಾಳ. ಹುಡುಗರು ಬಂದು ನನ್ನ ಮುಖಾ ನೋಡ್ತಾವ.”

ನಾನು ಗುಳಿಗೆ ಕಟ್ಟಿಕೊಟ್ಟೆ. ಅವನು ಎದ್ದು ಮೆಟ್ಟಿಲ ತನಕ ಹೋಗಿ ತಿರುಗಿ ಬಂದ.

“ಒಂದು ಕೇಳ್ತೀನ್ರೀ, ಖರೇ ಹೇಳ್ರಿ. ಅವತ್ತು ನೀವು ಗುಳಿಗಿ ತಗೊಂಡಾಳೇನು ಅಂತ ಕೇಳಿದ್ರಿ. ನಾ ಇಲ್ಲ ಅಂದೆ. ಅದು ಆಕಿಗೆ ಕೇಳಿಸಿತ್ತೇನ್ರೀ?”

“ಇಲ್ಲಪಾ. ಆಕಿಗೆ ಎಚ್ಚರ ಖಬರ್ ಏನೂ ಇರಲಿಲ್ಲ,” ಎಂದೆ.

ಅವನು ಕೈಮುಗಿದು ಬಸ್ ಸ್ಟ್ಯಾಂಡಿನ ಕಡೆ ಹೋದ. ಅಂದು ಅವನು ಇಲ್ಲ ಎಂದಾಗ ಗುರುಲಿಂಗಮ್ಮನ ಕಣ್ಣುಗಳು ಅರ್ಧ ತೆರೆದು ಅವನ ಕಡೆ ತಿರುಗಿದ್ದವು. ತುಟಿಯೂ ಏನೋ ಹೇಳಲು ಅಲುಗಿತ್ತು. ಅವನು ಬಾಗಿಲ ಕಡೆ ನೋಡುತ್ತಿದ್ದ, ಅದನ್ನು ಕಂಡವನು ನಾನೊಬ್ಬನೇ.